ಅಖಾಡಕ್ಕೆ ಇಳಿಯದೆ ಕಾದಾಡುವವರು

ಬಟನ್ ಒತ್ತಿದ ತಕ್ಷಣ ಏನಾದರೂ ಆಗದಿದ್ದರೆ ಅದು ಆಟವೇ ಅಲ್ಲ ಅನ್ನುವವರಿಗೆ ಅಂಚೆಯಲ್ಲಿ ಆಡುವ ‘ಡ್ಯುಯೆಲ್‌ಮಾಸ್ಟರ್ಸ್’ ಶುದ್ಧ ಹುಚ್ಚಾಟ ಅನಿಸಬಹುದು. ನನ್ನ ಪ್ರಕಾರ ಗ್ಲಾಡಿಯೇಟರ್ ಕಾಳಗವನ್ನು, ಅಂದರೆ ಹಳೆಯ ರೋಮ್‌ನ ಅಖಾಡದಲ್ಲಿ ಜನರ ಮುಂದೆ ನಡೆಯುತ್ತಿದ್ದ ಕಾದಾಟವನ್ನು, ಅದರಷ್ಟು ಸರಿಯಾಗಿ ಹಿಡಿದ ಆಟ ಇನ್ನೊಂದಿಲ್ಲ.

ಅಂಚೆಯಲ್ಲಿ ಆಟ ಆಡಿಸುವುದನ್ನು ಅಮೆರಿಕದ ರಿಕ್ ಲೂಮಿಸ್ 1970ರಲ್ಲಿ ವ್ಯಾಪಾರವಾಗಿ ಶುರು ಮಾಡಿದರು. ಅದಾಗಿ ಸುಮಾರು ಹತ್ತು ವರ್ಷಕ್ಕೆ ಅರಿಜೋನಾದ ರಿಯಾಲಿಟಿ ಸಿಮ್ಯುಲೇಶನ್ಸ್ ಕಂಪನಿ ಈ ಆಟ ತಂದಿತು. ಇದರಲ್ಲಿ ನೀವು ಯೋಧ ಅಲ್ಲ, ಐದು ಯೋಧರ ತಂಡದ ಮ್ಯಾನೇಜರ್. ಒಬ್ಬೊಬ್ಬನಿಗೂ ಬಲ, ಗಾತ್ರ, ಚುರುಕು, ಬುದ್ಧಿ, ಛಲ ಹೀಗೆ ಏಳು ಗುಣ, ಒಟ್ಟು 84 ಅಂಕ. ಹತ್ತು ಕಾದಾಟದ ಶೈಲಿಗಳಲ್ಲಿ ಒಂದನ್ನು ಆರಿಸಬೇಕು. ಆಮೇಲೆ ಒಂದು ಹಾಳೆ ತುಂಬಬೇಕು: ಯಾವ ಆಯುಧ, ಯಾವ ಕವಚ, ಮೊದಲ ನಿಮಿಷ ಎಷ್ಟು ಜೋರಾಗಿ ನುಗ್ಗಬೇಕು, ಎರಡನೇ ನಿಮಿಷ ಎಷ್ಟು, ಎದುರಾಳಿಯನ್ನು ಕೊಲ್ಲುವ ಆಸೆ ಎಷ್ಟಿರಬೇಕು. ಈ ಜೋರು, ಆಸೆಗಳಿಗೆ 1ರಿಂದ 10ರೊಳಗೆ ಒಂದು ಅಂಕಿ. ಪೂರ್ತಿ ಸೋಲುವ ಸ್ಥಿತಿ ಬಂದರೆ ಏನು ಮಾಡಬೇಕು ಅನ್ನುವುದಕ್ಕೂ ಬೇರೆ ಅಂಕಣ ಇದೆ!

ಹಾಳೆಯನ್ನು ಅಂಚೆಗೆ ಹಾಕಿದರೆ ನಿಮ್ಮ ಕೆಲಸ ಮುಗಿಯಿತು. ಕಾಳಗ ನಡೆಸುವುದು ಕಂಪನಿಯ ಕಂಪ್ಯೂಟರ್. ಏಟಿಗೆ ಏಟು ವರ್ಣಿಸಿದ ವರದಿ ಅಚ್ಚಾಗಿ ಮನೆಗೆ ಬರುತ್ತದೆ. ಲಕೋಟೆ ಒಡೆಯುವ ಹೊತ್ತಿಗೆ ನಿಮ್ಮ ಹುಡುಗ ಸತ್ತು ಎಷ್ಟೋ ದಿನ ಆಗಿರಬಹುದು.

ಕ್ರೂರ ಅನಿಸುತ್ತೆ ಅಲ್ವಾ? ಆದರೆ ರೋಮ್‌ನಲ್ಲಿ ಗ್ಲಾಡಿಯೇಟರ್‌ಗಳನ್ನು ಸಾಕಿದ ಯಜಮಾನನ ಪಾಡೂ ಇದೇ ಆಗಿತ್ತು. ಎರಡನೇ ಶತಮಾನದ ಕಾನೂನು ಪಂಡಿತ ಗಾಯಸ್ ಒಂದು ಉದಾಹರಣೆ ಕೊಡುತ್ತಾನೆ. ಗ್ಲಾಡಿಯೇಟರ್ ಗಾಯವಿಲ್ಲದೆ ವಾಪಸ್ ಬಂದರೆ ಅವನ ಬೆವರಿಗೆ ಯಜಮಾನನಿಗೆ 20 ದಿನಾರಿಯಸ್ (ರೋಮ್‌ನ ಬೆಳ್ಳಿ ನಾಣ್ಯ), ಸತ್ತರೆ ಅಥವಾ ಊನವಾದರೆ 1000. ಹಾಗಾದರೆ ಇದು ಬಾಡಿಗೆಯೋ ಮಾರಾಟವೋ ಅನ್ನುವುದು ಅವನ ಪ್ರಶ್ನೆ. ಮನುಷ್ಯನ ಜೀವದ ಬಗ್ಗೆ ಎಷ್ಟು ತಣ್ಣಗಿನ ಲೆಕ್ಕ ನೋಡಿ. ಕತ್ತಿ ಬೀಸುವ ವಿಡಿಯೋ ಗೇಮ್‌ಗಳು ನಮ್ಮನ್ನು ವೀರರನ್ನಾಗಿ ಮಾಡುತ್ತವೆ. ಈ ಆಟ ಮಾತ್ರ ನಮ್ಮನ್ನು ಸೀದಾ ಆ ಲೆಕ್ಕದ ಕುರ್ಚಿಯಲ್ಲಿ ಕೂರಿಸುತ್ತದೆ.

ತಕರಾರೂ ಇದೆ. ಗೆಲುವು ಸೋಲಿನ ಸೂತ್ರ ಕಂಪನಿಯ ಗುಟ್ಟು, ಹಾಗಾಗಿ ಕಾಸು ಕೊಟ್ಟು ಆಡಿ ಆಡಿಯೇ ಕಲಿಯಬೇಕು. ಜನ ಸುಮ್ನೆ ಕೂರಲಿಲ್ಲ ಬಿಡಿ. ರಾಶಿ ರಾಶಿ ವರದಿ ಹಂಚಿಕೊಂಡು, ಯಾವ ಶೈಲಿಗೆ ಯಾವ ಆಯುಧ ಒಗ್ಗುತ್ತದೆ ಅಂತ ಪಟ್ಟಿ ಮಾಡಿದರು. ಜೊತೆಗೆ ಅಖಾಡದ ಸುದ್ದಿಪತ್ರದಲ್ಲಿ ಒಬ್ಬರಿಗೊಬ್ಬರು ಸವಾಲು, ಬೈಗುಳ, ಸೇಡಿನ ಶಪಥ. ನನಗೆ ಕಾಳಗಕ್ಕಿಂತ ಈ ಜಗಳವೇ ಜಾಸ್ತಿ ಇಷ್ಟ.

ಆಮೇಲೆ ಆಟದ ಹೆಸರು ‘ಡ್ಯುಯೆಲ್2’ ಆಯಿತು, ಇಮೇಲ್ ಕೂಡ ಬಂತು. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಕಾಳಗದ ನಡುವೆ ಕೈಹಾಕುವ ಬಟನ್ ಒಂದನ್ನು ಯಾರೂ ಸೇರಿಸದಿರಲಿ.