ನೇರಳೆ ಹೂವು ಫೋಟೊದಲ್ಲಿ ನೀಲಿಯಾಗುವುದೇಕೆ?

ಶರತ್ಕಾಲದ ಕಾಡುಹೂಗಳ ಫೋಟೊಗಳಿಗೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುವ ಚಟ ಬಿಟ್ಟರೆ ಅರ್ಧ ಬಣ್ಣ ತಾನಾಗಿ ಉಳಿಯುತ್ತದೆ. ಇನ್ನರ್ಧ ಕ್ಲಿಕ್ಕಿಸುವಾಗಲೇ ಕೆಟ್ಟಿರುತ್ತದೆ, ಅದನ್ನು ಎಡಿಟಿಂಗ್ ಪೂರ್ತಿ ಸರಿಮಾಡಲಾರದು.

ಪುಟ್ಟ ಹೂಗಳ ಗೊಂಚಲಾಗಿ ಅರಳುವ ಹಳದಿ ಕಾಡುಹೂವು ಗೋಲ್ಡನ್‌ರಾಡ್ ನೋಡಿ. ಸುತ್ತಲಿನ ಕಪ್ಪು ನೆರಳು ಕಂಡು ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ. ಕ್ಯಾಮೆರಾ ಬಣ್ಣಗಳನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ದಾಖಲಿಸುತ್ತದೆ; ಈ ಹೂವಿನಲ್ಲಿ ಕೆಂಪು ಚಾನೆಲ್ ತುಂಬಿ ತುಳುಕುತ್ತದೆ. ಬಿಡಿ ಹೂಗಳೆಲ್ಲ ಕರಗಿ ಒಂದೇ ಹಳದಿ ಮುದ್ದೆ. ಒಟ್ಟು ಹಿಸ್ಟೋಗ್ರಾಂ (ಫೋಟೊದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಮೂರು ಬಣ್ಣಗಳ ಹಿಸ್ಟೋಗ್ರಾಂ ಬೇರೆಬೇರೆಯಾಗಿ ನೋಡಿ, ಎಕ್ಸ್‌ಪೋಷರ್ (ಕ್ಯಾಮೆರಾ ಪಡೆಯುವ ಬೆಳಕು) 2/3ರಿಂದ 1 ಸ್ಟಾಪ್ ಇಳಿಸಿ (1 ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಮೊಬೈಲಾದರೆ ಹೂವಿನ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಆಮೇಲೆ ಬೆಳಕು ತಗ್ಗಿಸಿ.

ಸೇವಂತಿಗೆಯ ಬಳಗದ ನೇರಳೆ ಆಸ್ಟರ್‌ನ ಕಥೆ ಬೇರೆ. ಅದರ ದಳ ನೀಲಿಯನ್ನೂ ಕೆಂಪನ್ನೂ ಹಿಂತಿರುಗಿಸುತ್ತದೆ. ನೆರಳಿನಲ್ಲಿ ಆಕಾಶದ ನೀಲಿ ಬೆಳಕೇ ಹೆಚ್ಚು, ಕೆಂಪು ಕಡಿಮೆ. ಹಾಗಾಗಿ ಹೂವು ನೀಲಿಗೆ ವಾಲುತ್ತದೆ. ಬೆಳಕಿನ ಛಾಯೆಯನ್ನು ಕ್ಯಾಮೆರಾ ತಾನೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ನಂಬಬೇಡಿ. ಚೌಕಟ್ಟಿನ ತುಂಬ ಹಳದಿ ಇದ್ದರೆ ಅದನ್ನೇ ದೋಷವೆಂದುಕೊಂಡು ಇನ್ನಷ್ಟು ನೀಲಿ ಸುರಿಯುತ್ತದೆ. ವೈಟ್ ಬ್ಯಾಲೆನ್ಸನ್ನು ನೀವೇ ಬಿಸಿಲಿಗೆ ಸುಮಾರು 5,200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ನೆರಳಿಗೆ 7,000–8,000 ಇಟ್ಟುಕೊಳ್ಳಿ. ಅದಕ್ಕಿಂತ ಉತ್ತಮ: ಹೂವಿನ ಪಕ್ಕ ಗ್ರೇ ಕಾರ್ಡ್ (ತಟಸ್ಥ ಬೂದು ಬಣ್ಣದ ರಟ್ಟು) ಹಿಡಿದು ಒಂದು ರಾ ಫೋಟೊ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆದಿಡುವುದು; ಆ ಬೂದನ್ನು ಆಧಾರವಾಗಿಟ್ಟು ಆಮೇಲೆ ಬಣ್ಣ ಸರಿಹೊಂದಿಸಬಹುದು. ಬೆಳಕು ಬದಲಾದರೆ ಮತ್ತೊಂದು.

(ಫಿಲ್ಮ್ ಕಾಲದಲ್ಲಿ ಕೆಲವು ನೀಲಿ ಹೂಗಳು ಗುಲಾಬಿಯಾಗಿಯೇ ಬರುತ್ತಿದ್ದವು. ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕಡುಗೆಂಪು ಬೆಳಕು ಅವುಗಳಿಂದ ಹೊಮ್ಮಿ ಫಿಲ್ಮಿಗೆ ತಟ್ಟುತ್ತಿತ್ತು.)

ಮೋಡದ ದಿನವೇ ಹೂವಿಗೆ ಒಳ್ಳೆಯದು ಎನ್ನುವ ಮಾತು ಅರ್ಧಸತ್ಯ. ಬೆಳಕು ಮೃದುವಾಗಿರುತ್ತದೆ ನಿಜ, ಆದರೆ ಜೆಂಷಿಯನ್ ಎಂಬ ಕಾಡುಹೂಗಳಲ್ಲಿ ಹಲವು ಮೋಡ ಕವಿದರೆ ಮುಚ್ಚಿಕೊಳ್ಳುತ್ತವೆ. ಅವಕ್ಕೆ ಬಿಸಿಲಿನಲ್ಲೇ ಹೋಗಿ, ಮೇಲೊಂದು ತೆಳು ಬಿಳಿ ಬಟ್ಟೆ ಅಡ್ಡ ಹಿಡಿಯಿರಿ. ಬಣ್ಣದ ಬಟ್ಟೆ ಬೇಡ, ಅದರ ಛಾಯೆ ದಳಕ್ಕೆ ಅಂಟುತ್ತದೆ. ನಿಮ್ಮ ಕೆಂಪು ಅಂಗಿಯೂ ಅಷ್ಟೇ!

ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಎಲೆ, ದಳಗಳ ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಬಣ್ಣ ಕಾಣುತ್ತದೆ. ಆದರೆ 2 ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ. ಗಾಳಿಯಿದ್ದರೆ ಶಟರ್ 1/250 ಸೆಕೆಂಡಿಗಿಂತ ನಿಧಾನವಾಗದಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ.

ಕ್ಯಾಮೆರಾ ಎತ್ತುವ ಮೊದಲು ಆಸ್ಟರ್‌ನ ನಡುಭಾಗ ನೋಡಿ. ಎಳೆಯ ಹೂವಿನಲ್ಲಿ ಹಳದಿ; ಹಲವು ಜಾತಿಗಳಲ್ಲಿ ಹಳತಾದಂತೆ ಕೆಂಗಂದು. ಒಂದೇ ಗಿಡದಲ್ಲಿ ಎರಡೂ ಇರುತ್ತವೆ, ಎರಡನ್ನೂ ಒಂದೇ ಚೌಕಟ್ಟಿಗೆ ತನ್ನಿ.