ಸ್ಪಷ್ಟನೆ: 28 ದಿನಕ್ಕೆ ಮೊದಲು ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೊಡುವ ಹಲಗೆ, ಕಂಬಗಳ ಆಸರೆ) ಬಿಚ್ಚಿದರೆ ತಪ್ಪಾ?

‘ಪಕ್ಕದವರು ಛಾವಣಿ ಹಾಕಿ 28 ದಿನ ಆಗುವ ಮೊದಲೇ ಸೆಂಟ್ರಿಂಗ್ ಬಿಚ್ಚಿದರೆ ನಿಯಮ ಮುರಿದಂತೆ, ದೂರು ಕೊಡಿ’ ಎಂಬ ಮೆಸೇಜ್ ಓಡಾಡುತ್ತಿದೆ. ಅದು ಸರಿಯಲ್ಲ. 28 ದಿನ ಅನ್ನೋದು ಕಾಂಕ್ರೀಟಿನ ಬಲ ಅಳೆಯುವ ಲೆಕ್ಕ, ಆಸರೆ ಕಂಬ ತೆಗೆಯುವ ಗಡುವಲ್ಲ.

ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ, ಸಾಮಾನ್ಯ ಸಿಮೆಂಟ್ ಬಳಸಿ, ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಸರಿಯಾಗಿ ಆಗಿ, ವಾತಾವರಣ 15 ಡಿಗ್ರಿಗಿಂತ ತಣ್ಣಗಾಗದಿದ್ದರೆ, ಗೋಡೆ ಅಥವಾ ಬೀಮ್‌ಗಳ ನಡುವಿನ ಅಗಲ 4.5 ಮೀಟರ್‌ವರೆಗಿನ ಛಾವಣಿಯ ಆಸರೆ ಕಂಬಗಳನ್ನು 7 ದಿನಕ್ಕೆ ತೆಗೆಯಬಹುದು. ಅದಕ್ಕಿಂತ ಅಗಲವಿದ್ದರೆ 14. ಬೀಮ್‌ಗೆ 6 ಮೀಟರ್‌ವರೆಗೆ 14, ಅದಕ್ಕೂ ಉದ್ದವಿದ್ದರೆ 21. ಪಿಲ್ಲರ್ ಸುತ್ತಿನ ಹಲಗೆಯಂತೂ ಮರುದಿನವೇ ಬಿಚ್ಚುತ್ತಾರೆ, ಅದರಲ್ಲಿ ತಪ್ಪಿಲ್ಲ. ಬೇರೆ ಸಿಮೆಂಟ್ ಅಥವಾ ಚಳಿ ಜಾಸ್ತಿ ಇದ್ದರೆ ಇನ್ನೂ ಕಾಯಬೇಕು.

ಅನುಮಾನ ಇದ್ದರೆ ಅಲ್ಲಿನ ಎಂಜಿನಿಯರನ್ನೇ ಕೇಳಬಹುದು ಅಲ್ವಾ? ಆ ಮೆಸೇಜನ್ನು ಸುಮ್ನೆ ಮುಂದಕ್ಕೆ ಕಳಿಸಬೇಡಿ.