ಹತ್ತು ಸೆಕೆಂಡಿಗೊಂದು ನಮಸ್ಕಾರ

ನಿನ್ನೆ ರಾತ್ರಿ ಮಲಗಿದ್ದು ಮೂರೂವರೆಗೆ. ಅದಕ್ಕೇ ಈ ಬರಹ ಬೆಳಗಿನ ಚಿತ್ರಾನ್ನ ಸಂಜೆಗೆ ಬಿಸಿ ಮಾಡಿದ ಹಾಗೆ ಇದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ನಮ್ಮ ಆಫೀಸಲ್ಲಿ ಕಲ್ಯಾಣ ಮಂಟಪ ಬುಕ್ ಮಾಡೋ ಒಂದು ವೆಬ್ ಆಪ್ ಇದೆ, ಪೈಥಾನ್ ಭಾಷೆಯ ಫ್ಲಾಸ್ಕ್ ಅನ್ನೋ ಫ್ರೇಮ್‌ವರ್ಕ್‌ನಲ್ಲಿ (ವೆಬ್ ಆಪ್ ಕಟ್ಟೋಕೆ ಬೇಕಾದ ರೆಡಿ ಸಾಮಾನು) ಬರೆದಿದ್ದು. ಬರೆದಿದ್ದು ಅನ್ನೋದಕ್ಕಿಂತ ಬೆಳೆದಿದ್ದು ಅನ್ಬೇಕು, ಹಿತ್ತಲಲ್ಲಿ ಕುಂಬಳ ಬಳ್ಳಿ ಯಾರನ್ನೂ ಕೇಳದೆ ಪಕ್ಕದ ಮನೆ ಶೀಟ್ ಮೇಲೆ ಹತ್ತುತ್ತಲ್ಲ ಹಾಗೆ. ಆಪ್ ಡಾಟ್ ಪೈ ಅಂತ ಒಂದೇ ಫೈಲು, 6,412 ಲೈನು. ಬುಕಿಂಗು ಅದರಲ್ಲೇ, ಅಡುಗೆಯವರ ಅಡ್ವಾನ್ಸು ಅದರಲ್ಲೇ, ಜಿಎಸ್‌ಟಿ ಬಿಲ್ಲು, ಎಸ್ಸೆಮ್ಮೆಸ್ಸು, ಜನರೇಟರಿನ ಡೀಸೆಲ್ ಲೆಕ್ಕ ಎಲ್ಲಾ ಅದರಲ್ಲೇ. ಎಡಿಟರ್‌ನಲ್ಲಿ ಓಪನ್ ಮಾಡಿದ್ರೆ ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿ ಥರ ಕೂಗುತ್ತೆ.

ಪಾಪ, ಫ್ಲಾಸ್ಕ್‌ದೇನೂ ತಪ್ಪಿಲ್ಲ. ಅದು ಹುಟ್ಟಿದ್ದೇ ತಮಾಷೆಯಿಂದ. 2010ರ ಏಪ್ರಿಲ್ 1ಕ್ಕೆ ಆರ್ಮಿನ್ ರೋನಾಕರ್ ಅನ್ನೋ ಆಸ್ಟ್ರಿಯಾದವನು, ಎಲ್ಲವನ್ನೂ ಒಂದೇ ಫೈಲಿಗೆ ತುರುಕೋ ಫ್ರೇಮ್‌ವರ್ಕ್‌ಗಳನ್ನ ಗೇಲಿ ಮಾಡೋಕೆ ಅಂತ ಏಪ್ರಿಲ್ ಫೂಲ್ ಮಾಡಿದ, ಜನ ಅದನ್ನ ನಿಜ ಅಂದ್ಕೊಂಡ್ರು, ಕೊನೆಗೆ ಅದೇ ನಿಜವಾದ ಫ್ರೇಮ್‌ವರ್ಕ್ ಆಯ್ತು. ಬಾಟಲ್ ಅಂತ ಇನ್ನೊಂದು ಇತ್ತು, ಅದಕ್ಕೇ ಇದಕ್ಕೆ ಫ್ಲಾಸ್ಕ್ ಅಂತ ಹೆಸರು. ಫ್ಲಾಸ್ಕ್‌ನ ಮೈಕ್ರೋ ಫ್ರೇಮ್‌ವರ್ಕ್ ಅಂತಾರೆ, ಆದ್ರೆ ಮೈಕ್ರೋ ಅಂದ್ರೆ ನಿಮ್ಮ ಆಪೆಲ್ಲಾ ಒಂದೇ ಫೈಲಲ್ಲಿ ಇರ್ಬೇಕು ಅಂತ ಅರ್ಥ ಅಲ್ಲ ಅಂತ ಅವರ ಡಾಕ್ಯುಮೆಂಟೇಷನ್‌ನಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಯಾರು ಓದ್ತಾರೆ. ಜಾಂಗೋ ಅನ್ನೋ ಇನ್ನೊಂದು ಪೈಥಾನ್ ಫ್ರೇಮ್‌ವರ್ಕ್ ತಗೊಂಡ್ರೆ ಅದು ಅಪಾರ್ಟ್‌ಮೆಂಟ್ ಇದ್ದ ಹಾಗೆ, ಅಡುಗೆಮನೆ ಎಲ್ಲಿ ಬಚ್ಚಲು ಎಲ್ಲಿ ಅಂತ ಬಿಲ್ಡರ್ರೇ ಹೇಳಿರ್ತಾನೆ. ಫ್ಲಾಸ್ಕ್ ಖಾಲಿ 30x40 ಸೈಟು. ದೇವರ ಮನೆ ಪಕ್ಕ ಟಾಯ್ಲೆಟ್ ಕಟ್ಟಿದ್ರೂ ಯಾರೂ ಕೇಳಲ್ಲ.

ನಾವು ಕಟ್ಟಿದ್ವಿ.

ಅದಕ್ಕೆ ಕಾರಣ ನಮ್ಮ ಲೀಡ್ ಸಾಹೇಬ್ರು. ಅವರ ಬಾಯಲ್ಲಿ ಒಂದೇ ಮಂತ್ರ: "ಸದ್ಯಕ್ಕೆ ಇಲ್ಲೇ ಇರ್ಲಿ." ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೀತಾರಲ್ಲ, ಅದೇ ಕಾನ್ಫಿಡೆನ್ಸು. ಪೇಮೆಂಟ್ ಕೋಡ್ ಎಲ್ಲಿ ಹಾಕ್ಲಿ ಸಾರ್? ಸದ್ಯಕ್ಕೆ ಇಲ್ಲೇ ಇರ್ಲಿ. ಡೇಟಾಬೇಸ್ ಪಾಸ್‌ವರ್ಡು? ಸದ್ಯಕ್ಕೆ ಇಲ್ಲೇ. 2020ರಲ್ಲಿ ಮದುವೆಗೆ 50 ಜನಕ್ಕಿಂತ ಜಾಸ್ತಿ ಸೇರಂಗಿಲ್ಲ ಅಂತ ರೂಲ್ ಬಂತಲ್ಲ, ಆಗ ಸದ್ಯಕ್ಕೆ ಅಂತ ಹಾಕಿದ ಚೆಕ್ಕು ಇವತ್ತೂ ಕಾಮೆಂಟ್ ಆಗಿ, ಅಂದ್ರೆ ಕೆಲಸ ಮಾಡದ ಬರೀ ಟಿಪ್ಪಣಿಯಾಗಿ, ಮಲಗಿದೆ, ತೆಗೆಯೋಕೆ ಬಿಡಲ್ಲ, "ಮತ್ತೆ ಬಂದ್ರೆ?" ಅಂತಾರೆ. ಎಸ್ಸೆಮ್ಮೆಸ್ ಕಳಿಸೋ ಫಂಕ್ಷನ್ ಮೂರಿವೆ: ಸೆಂಡ್ ಎಸ್ಸೆಮ್ಮೆಸ್, ಸೆಂಡ್ ಎಸ್ಸೆಮ್ಮೆಸ್ ನ್ಯೂ, ಸೆಂಡ್ ಎಸ್ಸೆಮ್ಮೆಸ್ ನ್ಯೂ ಫೈನಲ್. ಎಸ್ಸೆಮ್ಮೆಸ್ ಹೋಗೋದು ನಡುವಿನದರಿಂದ. ಒಂದ್ಸಲ ಅವರ ಡೆಸ್ಕ್ ಹತ್ರ ಹೋದಾಗ ನೋಡ್ತೀನಿ, ಮಾನಿಟರ್ ಕೆಳಗೆ ಸ್ಟ್ಯಾಂಡ್ ಬದಲು ಹಳೇ ಟೆಲಿಫೋನ್ ಡೈರೆಕ್ಟರಿ. ನಾನು ಏನೂ ಕೇಳೋ ಮುಂಚೆನೇ "ಸದ್ಯಕ್ಕೆ" ಅಂದ್ರು.

ಕೊನೆಗೆ ನಾನೇ ಹಠ ಹಿಡಿದು ಆಷಾಢದಲ್ಲಿ ಇದನ್ನ ಬಿಡಿಸಿಡ್ತೀನಿ ಅಂದೆ. ಆಷಾಢದಲ್ಲಿ ಮದುವೆ ಇಲ್ಲ, ಲೋಡ್ ಇಲ್ಲ. ಫ್ಲಾಸ್ಕ್‌ನಲ್ಲಿ 2011ರಿಂದಲೇ ಬ್ಲೂಪ್ರಿಂಟ್ ಅನ್ನೋದು ಇದೆ, ಒಂದೊಂದು ವಿಷಯಕ್ಕೆ ಒಂದೊಂದು ರೂಮು: ಬುಕಿಂಗ್ ಒಂದು, ಬಿಲ್ಲಿಂಗ್ ಒಂದು, ಲಾಗಿನ್ ಒಂದು. ಬಿಡಿಸೋಕೆ ಕೂತ ಮೊದಲ ದಿನವೇ ಸರ್ಕ್ಯುಲರ್ ಇಂಪೋರ್ಟು, ಅಂದ್ರೆ ಎರಡು ಫೈಲು ಒಂದನ್ನೊಂದು ಕರೆದು ಸುತ್ತು ಹಾಕೋದು. ಬುಕಿಂಗ್ ಫೈಲಿಗೆ ಆಪ್ ಬೇಕು, ಆಪ್ ಫೈಲಿಗೆ ಬುಕಿಂಗ್ ಬೇಕು. ಮದುವೆ ಆಗೋತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋತನಕ ಮದುವೆ ಆಗಲ್ಲ, ಕಲ್ಯಾಣ ಮಂಟಪದ ಆಪಿಗೆ ಸರಿಯಾದ ಗಾದೆ. ಹಳೇ ಕೋಡಲ್ಲಿ ಇದಕ್ಕೆ ಪರಿಹಾರ ಅಂತ ಫೈಲಿನ ಕಟ್ಟಕಡೆಗೆ ಒಂದು ಇಂಪೋರ್ಟ್ ಹಾಕಿ "ಮುಟ್ಟಬೇಡಿ" ಅಂತ ಕಾಮೆಂಟ್ ಬರೆದಿದ್ರು. ಕೋಡನ್ನ ತಾನೇ ಓರಣ ಮಾಡೋ ನನ್ನ ಎಡಿಟರಿನ ಫಾರ್ಮ್ಯಾಟರಿಗೆ ಕನ್ನಡ ಬರಲ್ವಲ್ಲ, ಸೇವ್ ಮಾಡಿದ ತಕ್ಷಣ ಅದನ್ನ ನೀಟಾಗಿ ಎತ್ತಿ ಮೇಲೆ ಇಡ್ತಿತ್ತು, ಆಪ್ ಸಾಯ್ತಿತ್ತು. ಡೇಟಾಬೇಸ್ ಆಬ್ಜೆಕ್ಟನ್ನ ಬೇರೆ ಫೈಲಿಗೆ ಹಾಕಿ, ಆಪನ್ನ ಒಂದು ಫಂಕ್ಷನ್ ಒಳಗೆ ಹುಟ್ಟಿಸಿ, ಆಮೇಲೆ ಎರಡನ್ನೂ ಪರಿಚಯ ಮಾಡಿಸಿದಾಗ ಅದು ತಣ್ಣಗಾಯ್ತು. ಆದ್ರೆ ಬ್ಲೂಪ್ರಿಂಟಿಗೆ ಹೋದ ಮೇಲೆ ಪ್ರತಿ ಪುಟಕ್ಕೂ ಇನಿಷಿಯಲ್ ಬೇಕು, ಬರೀ ಲಾಗಿನ್ ಅಂತ ಕರೆದ್ರೆ ತಿರುಗಿ ನೋಡಲ್ಲ, ಆಥ್ ಅನ್ನೋ ಬ್ಲೂಪ್ರಿಂಟಿನ ಹೆಸರು ಸೇರಿಸಿ ಆಥ್ ಡಾಟ್ ಲಾಗಿನ್ ಅನ್ಬೇಕು. ಟೆಂಪ್ಲೇಟ್‌ಗಳಲ್ಲಿ ಒಂದೊಂದಾಗಿ ತಿದ್ದೋಕೆ ಒಂದು ವಾರ, ಹೇಳಿದ್ರೆ ನಿಮಗೂ ಬೋರು.

ನಿನ್ನೆ ರಾತ್ರಿ ಒಂಬತ್ತಕ್ಕೆ ಎಲ್ಲಾ ಮುಗೀತು. ಟೆಸ್ಟೆಲ್ಲಾ ಪಾಸು. ಕೊನೇದಾಗಿ ಕಸ ಗುಡಿಸ್ತಿರುವಾಗ ಆಪ್ ಡಾಟ್ ಪೈಯಲ್ಲಿ ಮೂರು ಲೈನಿನ ಒಂದು ಪುಟ ಸಿಕ್ತು. ಅದರ ವಿಳಾಸ ಸ್ಲ್ಯಾಶ್ ನಮಸ್ಕಾರ. ಕರೆದ್ರೆ "ನಮಸಕಾರ" ಅಂತ ಬರುತ್ತೆ, ಅಷ್ಟೇ. ಒತ್ತಕ್ಷರ ಇಲ್ಲ.

ಅದು ನಾನೇ ಬರೆದಿದ್ದು, ಸೇರಿದ ಮೊದಲ ದಿನ. ಆಗ ಈ ಆಪ್ ಬರೀ ನಲವತ್ತು ಲೈನು, ಕಣ್ಣು ಮುಚ್ಚಿದ್ರೂ ಪೂರ್ತಿ ಕಾಣ್ತಿತ್ತು. ಪೋರ್ಟ್ 5000ದಲ್ಲಿ ಬಿಳೀ ಸ್ಕ್ರೀನ್ ಮೇಲೆ ಆ ಒಂದು ಪದ ಬಂದಾಗ ಎಷ್ಟು ಖುಷಿ ಆಗಿತ್ತು ಅಂದ್ರೆ ಫೋಟೋ ತೆಗೆದು ಊರಿಗೆ ಅಪ್ಪನಿಗೆ ವಾಟ್ಸಾಪ್ ಮಾಡಿದ್ದೆ. ಇದನ್ನ ಮಾಡೋಕೆ ಸಂಬಳ ಕೊಡ್ತಾರಾ ಅಂತ ಕೇಳಿದ್ರು ಅಪ್ಪ. ಒಂದು ನಿಮಿಷ ಸುಮ್ನೆ ನೋಡ್ತಾ ಕೂತೆ. ಆಮೇಲೆ, ದೊಡ್ಡ ಆರ್ಕಿಟೆಕ್ಟ್ ಅಲ್ವಾ ನಾನೀಗ, ಡಿಲೀಟ್ ಮಾಡಿ ಲೈವ್ ಬಿಟ್ಟೆ.

ಹತ್ತು ನಿಮಿಷಕ್ಕೆ ಫೋನು. ಸೈಟ್ ಓಪನ್ ಆಗ್ತಿಲ್ಲ, 503, ಅಂದ್ರೆ ಸೇವೆ ಸದ್ಯಕ್ಕೆ ಲಭ್ಯ ಇಲ್ಲ. ಆಷಾಢದಲ್ಲಿ ಮದುವೆ ಇಲ್ಲ ನಿಜ, ಆದ್ರೆ ಶ್ರಾವಣದ ಮಂಟಪ ಬುಕ್ ಮಾಡೋದು ಆಷಾಢದಲ್ಲೇ ಅನ್ನೋದು ನನ್ನ ತಲೆಗೆ ಹೊಳೆದಿರ್ಲಿಲ್ಲ. ನಮ್ಮ ಎರಡು ಸರ್ವರಿಗೆ ಹೋಗಿ ನೋಡ್ತೀನಿ, ಎರಡೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿವೆ. ಲಾಗ್ ತೆಗೆದೆ. ಗಿರಾಕಿ ಒಬ್ರೂ ಇಲ್ಲ, ಆದ್ರೆ ಯಾರೋ ಒಬ್ಬ ಹತ್ತು ಸೆಕೆಂಡಿಗೊಂದ್ಸಲ ಬಂದು ಸ್ಲ್ಯಾಶ್ ನಮಸ್ಕಾರ ಕೇಳ್ತಿದ್ದಾನೆ. ಸಿಗೋ ಉತ್ತರ 404, ಅಂಥ ಪುಟ ಇಲ್ಲ. ಹತ್ತು ಸೆಕೆಂಡು. ನಮಸ್ಕಾರ. 404.

ನನಗೆ ಬಂದ ಮೊದಲ ಯೋಚನೆ, ಕನ್ನಡಿಗ ಹ್ಯಾಕರ್. ಎಷ್ಟು ವಿನಯ ನೋಡಿ, ನುಗ್ಗೋಕೆ ಮುಂಚೆ ನಮಸ್ಕಾರ ಹೇಳ್ತಾನೆ. ಸಿಟ್ಟು ಬಂದು ಅವನ ಐಪಿ, ಅಂದ್ರೆ ನೆಟ್‌ವರ್ಕ್ ವಿಳಾಸ, ಬ್ಲಾಕ್ ಮಾಡಿದೆ. ಲಾಗು ಶಾಂತ ಆಯ್ತು. ಸೈಟು ಮಾತ್ರ ಎದ್ದೇಳ್ಲಿಲ್ಲ. ಮುಕ್ಕಾಲು ಗಂಟೆ ಡೇಟಾಬೇಸು, ಡಿಎನ್ಎಸ್ಸು, ಸರ್ಟಿಫಿಕೇಟು ಅಂತ ಎಲ್ಲಾ ದೇವಸ್ಥಾನ ಸುತ್ತಿ ಬಂದ ಮೇಲೆ ಆ ಐಪಿ ಮತ್ತೆ ನೋಡಿದ್ರೆ ಹತ್ತರಿಂದ ಶುರು, ಅಂದ್ರೆ ನಮ್ಮ ನೆಟ್‌ವರ್ಕ್ ಒಳಗಿನದೇ. ನಮ್ಮದೇ ಲೋಡ್ ಬ್ಯಾಲೆನ್ಸರ್, ಬಂದೋರನ್ನ ಎರಡು ಸರ್ವರಿಗೆ ಹಂಚಿ ಕಳಿಸೋದು. ಸರ್ವರ್ ಬದುಕಿದೆಯಾ ಅಂತ ಆಗಾಗ ಬಂದು ಬಾಗಿಲು ತಟ್ಟೋದೂ ಅದರ ಕೆಲಸ, ಅದಕ್ಕೆ ಹೆಲ್ತ್ ಚೆಕ್ ಅಂತಾರೆ, ತಟ್ಟೋ ಬಾಗಿಲನ್ನೇ ನಾನು ಕಿತ್ತಿದ್ದೆ. ಉತ್ತರ ಇಲ್ಲ, ಹಾಗಾದ್ರೆ ಎರಡೂ ಸರ್ವರ್ ಸತ್ತಿವೆ ಅಂತ ತೀರ್ಮಾನ ಮಾಡಿ ಬಂದೋರನ್ನೆಲ್ಲಾ ಬಾಗಿಲಿಂದಲೇ ವಾಪಸ್ ಕಳಿಸ್ತಿತ್ತು. ವಿಚಾರಿಸೋಕೆ ಬಂದೋನನ್ನ ನಾನು ಬ್ಲಾಕ್ ಬೇರೆ ಮಾಡಿದ್ದೆ.

ಲೀಡಿಗೆ ಫೋನ್ ಮಾಡಿದೆ. ಸಾರ್, ಹೆಲ್ತ್ ಚೆಕ್‌ಗೆ ನಮಸ್ಕಾರ ಪುಟ ಹಾಕಿದ್ದು ಯಾರು?

ಸ್ವಲ್ಪ ಹೊತ್ತು ಮೌನ, ಟಿವಿ ಸದ್ದು. "ನಾನೇ ಕಣಪ್ಪಾ. ಅವತ್ತು ಬೇರೆ ಪುಟ ಇರ್ಲಿಲ್ಲ, ಸದ್ಯಕ್ಕೆ..."

ಫೋನ್ ಇಟ್ಟೆ. ಮೂರು ಲೈನು ವಾಪಸ್ ತಂದು, ಅದಕ್ಕಂತಲೇ ಒಂದು ಬ್ಲೂಪ್ರಿಂಟ್ ಮಾಡಿ, ಬ್ಲಾಕ್ ತೆಗೆದು ಲೈವ್ ಬಿಟ್ಟೆ. ಹತ್ತು ಸೆಕೆಂಡಿಗೆ ಬಂತು ನಮಸ್ಕಾರ, 200, ಅಂದ್ರೆ ಎಲ್ಲಾ ಸರಿ. ಇನ್ನೊಂದು, 200. ಬುಕಿಂಗ್‌ಗಳು ಒಂದೊಂದಾಗಿ ಒಳಗೆ ಬರೋಕೆ ಶುರುವಾದ್ವು, ಯಾರೋ ಪುಣ್ಯಾತ್ಮರು ಮಧ್ಯರಾತ್ರಿ ಕೂತು ಶ್ರಾವಣದ ಡೇಟ್ ಹುಡುಕ್ತಿದ್ರು. ಹೇಗೂ ಫೈಲ್ ಓಪನ್ ಇದೆ, ಆ ಒತ್ತಕ್ಷರನಾದ್ರೂ ಸರಿ ಮಾಡೋಣ ಅಂತ ಕೀಬೋರ್ಡ್ ಮೇಲೆ ಬೆರಳಿಟ್ಟೆ. ಆಮೇಲೆ ನೆನಪಾಯ್ತು, ಕೆಲವು ಲೋಡ್ ಬ್ಯಾಲೆನ್ಸರ್‌ಗಳು ಬರೀ 200 ನೋಡಿ ಸುಮ್ನಾಗಲ್ಲ, ಒಳಗೆ ಏನು ಬರೆದಿದೆ ಅಂತಾನೂ ಹೋಲಿಸಿ ನೋಡ್ತವೆ. ನಮ್ಮದು ಹೇಗೆ ಅಂತ ಲೀಡನ್ನ ಕೇಳ್ಬೇಕು. ಗಂಟೆ ಮೂರೂಕಾಲು. ಬೆರಳು ತೆಗೆದೆ.